ಬಾಸಿಂಗದ ಎರಡು ಬೆಂಡು

ನಮ್ಮ ತಾತ ಕಣ್ಣಿಗೆ ಕಾಣದ್ದನ್ನು ನಂಬುವವರಲ್ಲ, ದೇವರೊಬ್ಬನನ್ನು ಬಿಟ್ಟು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರ ಬಟ್ಟೆ ಅಂಗಡಿ ಇತ್ತು. "ಬಣ್ಣ ಓಗಾಕಿಲ್ಲ ತಾನೇ ಯಜಮಾನ್ರೇ?" ಎಂದು ಗಿರಾಕಿ ಕೇಳಿದರೆ ತಾತ ಬಾಯಿ ಬಿಡುತ್ತಿರಲಿಲ್ಲ. ಸೀರೆಯ ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ, ಉಟ್ಟಿದ್ದ ಬಿಳಿ ಪಂಚೆಯ ಮೇಲೆ ಉಜ್ಜಿ ತೋರಿಸುತ್ತಿದ್ದರು. ಪಂಚೆಗೆ ಬಣ್ಣ ಹತ್ತಿದರೆ ಆ ಸೀರೆ ಅಂದೇ ಮೂಲೆ ಸೇರುತ್ತಿತ್ತು. ಅದಕ್ಕೆ ಎರಡನೆಯ ಪರೀಕ್ಷೆ ಇಲ್ಲ. ನನ್ನ ಓದನ್ನೂ ಅವರು ಹೀಗೆಯೇ ಒಮ್ಮೆ ಅದ್ದಿ ನೋಡಿದರು.

ಆಗ ನಾನು ಹದಿಮೂರರ ಹುಡುಗಿ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ಮುಂದೆ ಹಾಸನಕ್ಕೆ ಹೋಗಿ ಹೈಸ್ಕೂಲು ಸೇರಿ ವಿಜ್ಞಾನ ಓದಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ಹಾಸನದಲ್ಲಿ ಅವ್ವನ ತಂಗಿಯ ಮನೆ ಇತ್ತು, ರೈಲು ಹತ್ತಿದರೆ ಅಲ್ಲಿಗೆ ಎಷ್ಟು ಹೊತ್ತಿನ ದಾರಿ? ನಾನು ಹೋಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಆಸೆ ಹುಟ್ಟಿಸಿ ಆಮೇಲೆ ಕೈ ಎತ್ತುವುದು ನನಗೆ ಸೇರದು. ನನಗೇ ಯಾರೋ ಹಾಗೆ ಮಾಡಿದ ಮೇಲೆ ಇನ್ನೊಬ್ಬರಿಗೆ ಅದನ್ನು ಮಾಡಬಾರದು.

ಹುಚ್ಚು ಹಿಡಿಸಿದವರು ನಮ್ಮ ವಿಜ್ಞಾನದ ಮೇಷ್ಟ್ರು. ಹೊಸಬರು, ಸಣಕಲು ದೇಹ, ಮೈಗಿಂತ ದೊಡ್ಡದಾದ ಕೋಟು. ಅವರು ಬಾಗಿಲಲ್ಲಿ ಕಂಡರೆ ಹುಡುಗರೆಲ್ಲ "ಕೋಟು ಬತ್ತಾ ಐತೆ ಕಣ್ಲಾ, ಮೇಷ್ಟ್ರು ಇಂದುಗಡೆ ಬತ್ತಾರೆ" ಎಂದು ನಗುತ್ತಿದ್ದರು. ಒಂದು ದಿನ ಮೇಷ್ಟ್ರು ಪಾಠ ಮಾಡುತ್ತಿದ್ದವರು ನಡುವೆ ನಿಲ್ಲಿಸಿ, ಹಿಂದಿನ ಬೆಂಚಿನಲ್ಲಿ ಚಳಿಗೆಂದು ಕಂಬಳಿ ಹೊದ್ದು ಕೂತಿದ್ದವನ ಬಳಿ ಹೋದರು. ಜೇಬಿನಿಂದ ಕಪ್ಪು ಫೌಂಟನ್ ಪೆನ್ನು ತೆಗೆದು ಆ ಕಂಬಳಿಯ ಮೇಲೆ ಚೆನ್ನಾಗಿ ಉಜ್ಜಿದರು. ಮೇಜಿನ ಮೇಲೆ ಚೂರು ಮಾಡಿಟ್ಟಿದ್ದ ಕಾಗದದ ಹತ್ತಿರ ಪೆನ್ನು ಹಿಡಿದರೆ ಚೂರುಗಳು ಎದ್ದು ಕುಣಿದು ಪೆನ್ನಿಗೆ ಅಂಟಿಕೊಂಡವು. ನಗುತ್ತಿದ್ದವರೆಲ್ಲ ಬೆಂಚು ಬಿಟ್ಟು ಮೇಜಿನ ಸುತ್ತ ಮುಗಿಬಿದ್ದರು.

ಆ ವಾರವೆಲ್ಲ ಅದೇ ಪಾಠ. ಗಾಜನ್ನು ರೇಷ್ಮೆಯಿಂದ ಉಜ್ಜಿದರೆ ಗಾಜಿನಲ್ಲಿ ಹುಟ್ಟುವ ವಿದ್ಯುತ್ತು ಒಂದು ಜಾತಿ, ಕಪ್ಪು ಪೆನ್ನನ್ನು ಉಣ್ಣೆಯಿಂದ ಉಜ್ಜಿದರೆ ಹುಟ್ಟುವುದು ಇನ್ನೊಂದು ಜಾತಿ. ಮೊದಲನೆಯದು ಧನ, ಎರಡನೆಯದು ಋಣ. ಧನಕ್ಕೆ ಧನವನ್ನು ಕಂಡರಾಗದು, ಋಣಕ್ಕೆ ಋಣವನ್ನು ಕಂಡರಾಗದು. ಧನಕ್ಕೂ ಋಣಕ್ಕೂ ಸೆಳೆತ. ಇಷ್ಟನ್ನು ಉರು ಹೊಡೆಯುವುದು ಕಷ್ಟವಾಗಲಿಲ್ಲ. ಆದರೆ ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. ರೇಷ್ಮೆ ದಾರದಲ್ಲಿ ಬೆಂಡಿನ ಒಂದು ಸಣ್ಣ ಗುಂಡನ್ನು ತೂಗುಬಿಟ್ಟು, ಅದಕ್ಕೆ ಧನ ತಾಗಿಸಿ, ಉಜ್ಜಿದ ಗಾಜನ್ನು ದೂರದಿಂದ ಹತ್ತಿರಕ್ಕೆ ತಂದರು. ಗಾಜು ಇನ್ನೂ ಗೇಣುದ್ದ ಆಚೆ ಇರುವಾಗಲೇ ಗುಂಡು ಹಿಂದೆ ಸರಿಯಿತು.

"ನಡುವೆ ಏನಿದೆ?" ಎಂದು ಕೇಳಿದರು.

"ಏನೂ ಇಲ್ಲ ಸಾ," ಎಂದೆವು.

"ಇದೆ. ಈ ಗಾಜಿನ ಸುತ್ತ ಒಂದು ಕ್ಷೇತ್ರ ಹಬ್ಬಿದೆ. ನಿಮ್ಮ ಕಣ್ಣಿಗೆ ಕಾಣೋದಿಲ್ಲ, ಗುಂಡಿಗೆ ಗೊತ್ತಾಗುತ್ತೆ. ಹತ್ತಿರ ಬಂದಷ್ಟೂ ಜೋರು, ದೂರ ಹೋದಷ್ಟೂ ಕಡಿಮೆ. ಈಗ ಇದೇ ಜಾಗದಲ್ಲಿ ಋಣದ ಗುಂಡು ಇಡ್ತೀನಿ, ನೋಡಿ." ಪೆನ್ನು ಉಜ್ಜಿ ಇನ್ನೊಂದು ಗುಂಡಿಗೆ ಋಣ ತಾಗಿಸಿದರು. ಅದೇ ಗಾಜು ಬಂತು, ಆದರೆ ಈ ಗುಂಡು ಹಿಂದೆ ಸರಿಯದೆ ಗಾಜಿನ ಕಡೆಗೆ ವಾಲಿತು. "ಕ್ಷೇತ್ರ ಎರಡಿಲ್ಲ, ಒಂದೇ. ಧನವನ್ನ ಒಂದು ದಿಕ್ಕಿಗೆ ನೂಕುತ್ತೆ, ಋಣವನ್ನ ಅದರ ಎದುರು ದಿಕ್ಕಿಗೆ ಎಳೆಯುತ್ತೆ."

ನನಗೆ ತಕ್ಷಣ ನಮ್ಮ ಮನೆ ನೆನಪಾಯಿತು. ತಾತ ಅಂಗಡಿಯಿಂದ ಬಂದು ಜಗಲಿಯಲ್ಲಿ ಕೆಮ್ಮಿದರೆ ಸಾಕು, ಅಪ್ಪ ಹಿತ್ತಿಲ ಬಾಗಿಲಿನಿಂದ ಮಾಯ. ನಾನು ಅಡುಗೆ ಮನೆಯಿಂದ ಓಡಿ ಜಗಲಿಗೆ. ಅಪ್ಪನನ್ನು ಆ ಕೆಮ್ಮು ಬಟ್ಟೆ ಗಂಟು ಹೊರಿಸಿ ಕೊಣನೂರಿನ ಸಂತೆಯವರೆಗೂ ಅಟ್ಟುತ್ತಿತ್ತು. ನನ್ನನ್ನು ತಾತನ ತೊಡೆಯವರೆಗೆ ಎಳೆಯುತ್ತಿತ್ತು. ಆಗ ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಆಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಳೆದದ್ದನ್ನು ಅದು ಮತ್ತೆ ಬಿಡುವುದಿಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹಾಸನದ ಮಾತನ್ನು ತಾತನ ಮುಂದೆ ಎತ್ತಿದ್ದು ಅವ್ವ. ಅವ್ವನಿಗೆ ಓದು ಬರಹ ಇರಲಿಲ್ಲ. ನಾನು ಪಾಠ ಓದುವಾಗ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಗಾಜು, ಬೆಂಡುಗಳ ವಿಷಯವನ್ನಂತೂ ಮೂರು ಮೂರು ಸಲ ಹೇಳಿಸಿದ್ದಳು. ಮಾವನೆದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವಳು ಬಾಗಿಲ ಹಿಂದೆ ನಿಂತು, ಜಗಲಿಯ ಕಂಬಕ್ಕೆ ಹೇಳುವವಳಂತೆ, "ಆಸನದಲ್ಲಿ ನಮ್ ತಂಗಿ ಮನೆ ಐತಲ್ಲ. ಮಗ ಅಲ್ಲಿದ್ಕಂಡು ಓದ್ಲಿ ಅಂತ," ಎಂದಳು.

ತಾತ ಕಂಬಕ್ಕೆ ಉತ್ತರ ಕೊಡಲಿಲ್ಲ, ನನ್ನನ್ನು ಕೇಳಿದರು. "ಅದೇನ್ ಓದೀಯೇ ಅಲ್ಲೋಗಿ?"

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗಾಜು ಮುಟ್ಟದೆಯೇ ಬೆಂಡನ್ನು ನೂಕುತ್ತದೆ ಎಂದದ್ದಕ್ಕೆ ತಾತ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಮುಟ್ದೆ ನೂಕ್ತದಾ? ಸರಿ. ನನ್ ಕಣ್ಮುಂದೆ ನೂಕ್ಲಿ. ನೂಕುದ್ರೆ ಆಸನಕ್ಕೆ ನಾನೇ ಕರ್ಕಂಡೋಗಿ ಬುಟ್ಟು ಬತ್ತೀನಿ. ಇಲ್ದಿದ್ರೆ ನುಗ್ಗೇಹಳ್ಳಿಯೋರು ಎಣ್ಣು ಕೇಳ್ತಾವ್ರೆ, ಊಂ ಅಂದ್ಬುಡ್ತೀನಿ. ಆಮೇಲೆ ಅತ್ಗಿತ್ತು ಕರುದ್ರೆ ಕೇಳಾಕಿಲ್ಲ."

ಮಾತಿಗೆ ತಪ್ಪುವ ಮನುಷ್ಯ ಅವರಲ್ಲ. ನನ್ನ ಇಡೀ ಬಾಳು ಎರಡು ಬೆಂಡಿನ ಮೇಲೆ ನಿಂತಿತು. ಬೆಂಡು ಅಷ್ಟು ಹಗುರ ಎಂದು ಆಗ ನನಗೆ ಭಯವಾಗಲಿಲ್ಲ, ಅಷ್ಟು ಸುಲಭ ಎಂದು ಸಂತೋಷವಾಯಿತು.

ಮೇಷ್ಟ್ರಿಗೆ ಹೇಳಿದೆ. ಅವರು ಒಪ್ಪಿದರು, ಆದರೆ ಒಣಹವೆ ಬೇಕು ಎಂದರು. ತೇವವಿದ್ದರೆ ವಿದ್ಯುತ್ತು ನಿಲ್ಲದೆ ಸೋರಿಹೋಗುತ್ತದಂತೆ. ಮಾಘಮಾಸ ನಡೆಯುತ್ತಿತ್ತು, ತುಟಿ ಒಡೆಯುವ ಚಳಿ, ಬಿಸಿಲು ಬಿದ್ದರೆ ನೆಲವೆಲ್ಲ ಒಣಕಲು. ಇದಕ್ಕಿಂತ ಒಳ್ಳೆಯ ಕಾಲ ಸಿಗದು ಎಂದರು. ಶಾಲೆಯ ಗಾಜಿನ ಕಡ್ಡಿಯನ್ನು ಹೊರಗೆ ಕೊಡುವಂತಿರಲಿಲ್ಲ, ಅದಕ್ಕೆ ಲಾಂದ್ರದ ಗಾಜಾದರೂ ಆದೀತು ಎಂದರು. ರೇಷ್ಮೆಯನ್ನು ತಾತನೇ ಕೊಟ್ಟರು, ಪೂಜೆಗೆ ಉಡುತ್ತಿದ್ದ ಹಳೆಯ ಮಗುಟದ ಒಂದು ತುಂಡು. ಉಳಿದದ್ದು ಬೆಂಡು.

ಅವ್ವ ತನ್ನ ಮರದ ಪೆಟ್ಟಿಗೆ ತೆರೆದು, ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ತನ್ನ ಮದುವೆಯ ಬಾಸಿಂಗ ತೆಗೆದಳು. ಮದುವಣಗಿತ್ತಿಯ ಹಣೆಗೆ ಕಟ್ಟುವ ಬಾಸಿಂಗವನ್ನು ಬೆಂಡಿನಿಂದಲೇ ಮಾಡುವುದು. ಅದರ ಜರಿಯೆಲ್ಲ ಕಪ್ಪಾಗಿ ಉದುರಿತ್ತು, ಒಳಗಿನ ಬೆಂಡು ಮಾತ್ರ ಬೆಳ್ಳಗೆ ಉಳಿದಿತ್ತು. ಅದನ್ನು ಒಡೆಯಬಾರದು, ಮುತ್ತೈದೆತನಕ್ಕೆ ಕೇಡು ಎಂದು ಹೇಳುತ್ತಾರೆ. ನಾನು ಬೇಡವೆಂದೆ. "ಪೆಟ್ಗೆಲಿ ಇದ್ದು ಅದೇನ್ ಮಾಡ್ಬೇಕು? ನಿನ್ ಓದಿಗಾದ್ರೂ ಆಗ್ಲಿ ತಗೋ," ಎಂದು ಅವ್ವ ಈಳಿಗೆ ಮಣೆಯಲ್ಲಿ ತಾನೇ ಕತ್ತರಿಸಿ, ಉರುಟು ಮಾಡಿ ಎರಡು ಗುಂಡು ಕೊಟ್ಟಳು.

ಸೋಮವಾರ ತಾತನ ಶಿವಪೂಜೆ ಮುಗಿದ ಮೇಲೆ ಎಂದು ನಿಗದಿಯಾಯಿತು. ಮೇಷ್ಟ್ರು ಕೋಟು ಒಗೆಸಿ ಹಾಕಿಕೊಂಡು ಬಂದಿದ್ದರು. ಅಪ್ಪ ಯಥಾಪ್ರಕಾರ ಸಂತೆಗೆ ಹೋಗಿದ್ದ. ಪಡಸಾಲೆಯಲ್ಲಿ ಎರಡು ಕೊಡಗಳ ಮೇಲೆ ಒಂದು ಬಿದಿರು ಕಡ್ಡಿ ಅಡ್ಡ ಇಟ್ಟು, ಅದರಿಂದ ಎರಡು ಬೆಂಡಿನ ಗುಂಡುಗಳನ್ನು ರೇಷ್ಮೆ ದಾರದಲ್ಲಿ ಒಂದಕ್ಕೊಂದು ತಾಗುವ ಹಾಗೆ ಇಳಿಬಿಟ್ಟೆ. ಗಾಜನ್ನೂ ಮಗುಟವನ್ನೂ ಅಡುಗೆ ಮನೆಯ ಕೆಂಡದ ಮುಂದೆ ಬಿಸಿ ಮಾಡಿ ತಂದಿದ್ದೆ. ತಾತ ವಿಭೂತಿ ಹಚ್ಚಿಕೊಂಡು ಬಂದು ಮಣೆಯ ಮೇಲೆ ಕೂತರು.

"ಉಜ್ಜಮ್ಮ," ಎಂದರು ಮೇಷ್ಟ್ರು.

ಉಜ್ಜಿದೆ. ಚಿಟಿಚಿಟಿ ಸದ್ದು ಬಂತು. ಗಾಜನ್ನು ಗುಂಡುಗಳಿಗೆ ತಾಗಿಸಿ ತೆಗೆದೆ. ಎರಡೂ ಒಂದನ್ನೊಂದು ನೂಕಿಕೊಂಡು ಎರಡು ಕಡೆಗೆ ಸರಿದು, ದಾರ ಓರೆಯಾಗಿ, ಹಾಗೆಯೇ ನಿಂತುಬಿಟ್ಟವು. ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಖಾಲಿ ಜಾಗ.

ತಾತ ಮಣೆಯಿಂದ ಎದ್ದರು. ಬಗ್ಗಿ ನೋಡಿದರು, ಆ ಕಡೆ ಹೋಗಿ ನೋಡಿದರು, ಕೂದಲೆಳೆ ಏನಾದರೂ ಕಟ್ಟಿದ್ದೀನೋ ಎಂದು ಕಣ್ಣು ಕಿರಿದು ಮಾಡಿ ನೋಡಿದರು. "ಎರಡರಲ್ಲೂ ಒಂದೇ ಜಾತಿ ಇದೆ ಸ್ವಾಮಿ, ಧನ. ಅದಕ್ಕೇ ಒಂದರ ಕ್ಷೇತ್ರ ಇನ್ನೊಂದನ್ನ ನೂಕ್ತಾ ಇದೆ," ಎಂದರು ಮೇಷ್ಟ್ರು. ತಾತ ಅವರ ಕಡೆ ನೋಡಲಿಲ್ಲ. ಗುಂಡುಗಳನ್ನೇ ನೋಡುತ್ತಾ, "ಬಲೇ ನನ್ ಕಂದ," ಎಂದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿದ್ದೇನೆ. ಹಾಸನ ನನ್ನ ಕೈಗೆ ಬಂದಿತ್ತು.

ಅಷ್ಟರಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಬಂದಳು.

ನಮ್ಮ ಮನೆಯಲ್ಲಿ ಹೊಸದು ಏನೇ ಬರಲಿ, ಒಳ್ಳೆಯದು ಏನೇ ಆಗಲಿ, ಮೊದಲು ಅದಕ್ಕೆ ಕರ್ಪೂರದ ಆರತಿ ಎತ್ತಿ ದೃಷ್ಟಿ ತೆಗೆಯಬೇಕು. ಹೊಸ ತಕ್ಕಡಿಗೆ ಎತ್ತುತ್ತಿದ್ದೆವು, ಈದ ಹಸುವಿಗೆ ಎತ್ತುತ್ತಿದ್ದೆವು, ಬಟ್ಟೆಯ ಹೊಸ ಗಂಟಿಗೆ ಎತ್ತುತ್ತಿದ್ದೆವು. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಆರತಿಗೆ ಅವ್ವನನ್ನೇ ಕರೆಯುತ್ತಿದ್ದರು, ಅವಳದು ಒಳ್ಳೆಯ ಕೈ ಎಂದು ಹೆಸರು. ಒಳಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ಸಂತೋಷ ತಡೆಯಲಾರದೆ ಬಂದಿದ್ದಳು. ಮಾವನಿದ್ದಾರೆಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನನಗೊಂದು ಸುತ್ತು ಎತ್ತಿದಳು. ಆಮೇಲೆ ಬೆಂಡುಗಳಿಗೆ ಎತ್ತಿದಳು.

ಎರಡನೆಯ ಸುತ್ತಿಗೆ ಗುಂಡುಗಳು ಒಂದರ ಕಡೆಗೊಂದು ಸರಿದವು. ಮೂರನೆಯ ಸುತ್ತಿಗೆ ಎರಡೂ ಕೂಡಿಕೊಂಡು ಸುಮ್ಮನೆ ತೂಗಿದವು.

ಅವ್ವನ ಕೈ ಅಲ್ಲೇ ನಿಂತಿತು. ಮೇಷ್ಟ್ರು, "ಇನ್ನೊಂದು ಸಲ, ಇನ್ನೊಂದು ಸಲ ಉಜ್ಜು," ಎಂದರು. ಉಜ್ಜಿ ತಾಗಿಸಿದೆ. ಸರಿದವು, ಆದರೆ ಎಣಿಸುವಷ್ಟರಲ್ಲಿ ಮತ್ತೆ ಕೂಡಿದವು. ತಟ್ಟೆ ಪಕ್ಕದಲ್ಲೇ ಉರಿಯುತ್ತಿತ್ತು. ಮೇಷ್ಟ್ರು ಒಂದು ಗಳಿಗೆ ತಟ್ಟೆಯನ್ನು ನೋಡಿದರು, ಬೆಂಡುಗಳನ್ನು ನೋಡಿದರು. ಅವರ ಮುಖ ಅರಳಿತು. ನನಗೆ ಇಂದಿಗೂ ಅವರ ಮೇಲೆ ಕೋಪ ಬರುವುದು ಆ ಅರಳಿದ ಮುಖಕ್ಕೆ.

"ದೀಪ! ದೀಪದಿಂದ ಹೀಗಾಗ್ತಿದೆ ಸ್ವಾಮಿ. ಉರಿಯ ಹತ್ತಿರದ ಗಾಳಿಯಲ್ಲಿ ಧನ, ಋಣ ಎರಡೂ ಹುಟ್ಟುತ್ತೆ. ಗುಂಡಿನ ಕ್ಷೇತ್ರ ಋಣವನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಧನವನ್ನ ಆಚೆ ನೂಕುತ್ತೆ. ಬಂದ ಋಣ ಗುಂಡಿನ ಧನವನ್ನ ಅಳಿಸಿಬಿಡುತ್ತೆ. ಇದೂ ಅದೇ ಪಾಠ! ದೀಪ ಒಂದನ್ನ ಆಚೆ ಇಟ್ಟರೆ—"

"ಏನಂದ್ರಿ?" ಎಂದರು ತಾತ. "ದೀಪ ಆಚ್ಗೆ ಇಡ್ಬೇಕಾ?"

"ಹೌದು ಸ್ವಾಮಿ. ದೀಪ ಇದ್ದರೆ ಇದು ನಿಲ್ಲೋದಿಲ್ಲ."

ತಾತ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಅತ್ತು ಕರೆದು ಒಲಿಸುತ್ತಿದ್ದೆ. ಗಿರಾಕಿಗೆ ಬಣ್ಣ ಬಿಡುವ ಸೀರೆ ಕೊಡುವುದಿಲ್ಲ ಎನ್ನುವಾಗ ಯಾವ ದನಿಯಿತ್ತೋ ಅದೇ ದನಿಯಲ್ಲಿ, "ದೇವ್ರ ದೀಪಕ್ಕೆ ಎದ್ರಿಕಳೋ ಇದ್ಯೆ ನಮ್ ಮಗೀಗೆ ಬ್ಯಾಡಿ ಮೇಷ್ಟ್ರೇ," ಎಂದರು.

"ಎದ್ರಾಕಿಲ್ಲ ತಾತ! ಅದ್ಕೆ ಎದ್ರಿಕೆ ಅಂತ ಇಲ್ಲ, ಬೀಡಿ ಉರಿ ತಂದ್ರೂ ಇಂಗೇ ಆಯ್ತದೆ!" ಎಂದು ನಾನು ಕಿರುಚಿದೆ.

"ನಾನೇ ನೋಡುದ್ನಲ್ಲ ಮಗ. ಕಣ್ಣಾರೆ ನೋಡುದ್ನಲ್ಲ."

ಆಗ ಅವ್ವ ಒಂದು ಕೆಲಸ ಮಾಡಿದಳು. ಆರತಿಯನ್ನು ಬಾಯಲ್ಲಿ ಊದಿ ಆರಿಸುವುದು ನಮ್ಮಲ್ಲಿ ಪಾಪ. ಅವ್ವ ತಟ್ಟೆಯನ್ನು ನೆಲಕ್ಕಿಟ್ಟು, ಉರಿಯುತ್ತಿದ್ದ ಕರ್ಪೂರದ ಮೇಲೆ ಬಲಗೈಯ ಅಂಗೈಯನ್ನು ಒತ್ತಿದಳು. ಒತ್ತಿ ಹಿಡಿದಳು. ಆಮೇಲೆ, ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಮಾವ ಕೇಳುವ ಹಾಗೆ ಪರಗಂಡಸಿನೊಡನೆ ಮಾತಾಡಿದಳು. "ಆರ್ಸಿವ್ನಿ ಸಾ. ಈಗ ಮಾಡ್ಸಿ."

ತಾತ ಅವಳ ಅಂಗೈಯನ್ನು ನೋಡಿದರು. ಮಗುಟದ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಹೆಗಲಿಗೆ ಹಾಕಿದರು, ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಮೇಷ್ಟ್ರು ತಮ್ಮ ಪೆನ್ನು ತೆಗೆದು, ಮೂಲೆಯಲ್ಲಿದ್ದ ಕಂಬಳಿಗೆ ಉಜ್ಜಿ, ಗುಂಡುಗಳಿಗೆ ತಾಗಿಸಿದರು. ಈ ಸಲ ಋಣ. ಎರಡೂ ದೂರ ಸರಿದು ನಿಂತವು. ಮೊದಲಿಗಿಂತ ದೂರ, ಅಲುಗಾಡದೆ. ನೋಡಲು ಇದ್ದವರು ನಾವು ಮೂವರು. ಅವ್ವ ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಹಳ ಹೊತ್ತು ಅವನ್ನೇ ನೋಡುತ್ತ ಕೂತಿದ್ದಳು.

ಮೇಷ್ಟ್ರು ಹೋಗುವಾಗ ನನ್ನ ಮುಖ ನೋಡಲಿಲ್ಲ. ಚಳಿಗೆ ಹೀಗಾಯಿತು, ದಾರ ಸರಿಯಿಲ್ಲ, ನಾಳೆ ಬರುತ್ತೇನೆ ಎಂದು ಒಂದು ಸುಳ್ಳು ಹೇಳಿದ್ದರೆ ತಾತ ಇನ್ನೊಂದು ದಿನ ಕೊಡುತ್ತಿದ್ದರೇನೋ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮದುವೆ ಒಂದೇ ಒಂದು ನಿಜಕ್ಕೆ ಆಗಿಹೋಯಿತು. ಮೇಷ್ಟ್ರಿಗೆ ಮುಂದಿನ ವರ್ಷ ಅರಕಲಗೂಡಿಗೆ ವರ್ಗವಾಯಿತೆಂದು ಕೇಳಿದೆ. ಅಷ್ಟರಲ್ಲಿ ನಾನು ಶಾಲೆಯಲ್ಲಿ ಇರಲಿಲ್ಲ.

ನುಗ್ಗೇಹಳ್ಳಿಯವರು ಬಂದರು, ನೋಡಿದರು, ಒಪ್ಪಿದರು. ವೈಶಾಖದಲ್ಲಿ ಧಾರೆ. ಹೊಸ ಬಾಸಿಂಗವನ್ನು ಹಣೆಗೆ ಕಟ್ಟುವಾಗ ಅದು ಎಷ್ಟು ಹಗುರವೆಂದು ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಹಸೆಮಣೆಯ ಮೇಲೆ ಆರತಿಗೆ ಅವ್ವನನ್ನು ಕರೆದರು. ಅವ್ವ ಬರಲಿಲ್ಲ. "ಕೈ ಸುಟ್ಟೈತೆ," ಎಂದು ಒಳಗಿನಿಂದ ಹೇಳಿ ಕಳಿಸಿದಳು. ಅಂಗೈಯ ಗಾಯ ಆರಿ ಆಗಲೇ ಹೊಸ ಚರ್ಮ ಬಂದಿತ್ತು. ಹಾಸನದ ಚಿಕ್ಕವ್ವ ಎದ್ದು ಆರತಿ ಎತ್ತಿದಳು. ಬೀದಿಯ ಹೆಂಗಸರು ಏನೇನೋ ಮಾತಾಡಿಕೊಂಡರು. ಅಲ್ಲಿಂದಾಚೆಗೆ ಯಾರ ಮನೆಯ ಶುಭಕಾರ್ಯಕ್ಕೂ ಅವ್ವ ತಟ್ಟೆ ಮುಟ್ಟಲಿಲ್ಲ, ಕರೆಯುವವರೂ ಕರೆಯುವುದನ್ನು ಬಿಟ್ಟರು.

ನುಗ್ಗೇಹಳ್ಳಿಯಲ್ಲಿ ನಮ್ಮವರದು ಹೊಲ, ತೆಂಗಿನ ತೋಟ. ಕೆಟ್ಟ ಜನ ಅಲ್ಲ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ, ಕೈ ಎತ್ತಿದವನಲ್ಲ. ಆದರೆ ಆ ಮನೆಯಲ್ಲಿ ಪುಸ್ತಕವೆಂದರೆ ಪಂಚಾಂಗ. ನಲವತ್ತರ ದಶಕದಲ್ಲಿ, ಯುದ್ಧದ ಕಾಲ, ಸೀಮೆ ಎಣ್ಣೆ ಸಿಗದೆ ಲಾಂದ್ರ ಹೊತ್ತಿಸುವುದೇ ಅಪರೂಪವಾಯಿತು. ಅದರ ಗಾಜು ಬೆಳ್ಳಗೆ ಗೂಡಿನಲ್ಲಿ ಕೂತಿತ್ತು. ಒಂದು ಚಳಿಗಾಲದ ಮಧ್ಯಾಹ್ನ ಅದನ್ನು ತೆಗೆದು ನನ್ನ ಧಾರೆಯ ಸೀರೆಯ ಸೆರಗಿಗೆ ಉಜ್ಜಿದೆ. ಚಿಟಿಚಿಟಿ ಎಂದಿತು. ಅತ್ತೆ, "ಗಾಜು ಒಡ್ದೋದಾತು, ಮಡುಗು," ಎಂದರು. ಮಡಗಿದೆ. ಆಮೇಲೆ ಉಜ್ಜಲಿಲ್ಲ.

ಇಬ್ಬರು ಗಂಡುಮಕ್ಕಳ ಬಾಣಂತನಕ್ಕೂ ಹೊಳೆನರಸೀಪುರಕ್ಕೆ ಹೋಗಿದ್ದೆ. ಎರಡು ಸಲವೂ ಎಳೆಮಗುವಿಗೆ ಆರತಿ ಎತ್ತಲು ಪಕ್ಕದ ಮನೆಯಾಕೆಯನ್ನು ಕರೆದರು. ಅವ್ವ ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಒಂದು ದಿನ ನಾನು ತಡೆಯಲಾರದೆ ಕೇಳಿದೆ. "ಅವ್ವ, ಉರಿಗೆ ನಿನ್ ಕೈ ಯಾವ್ದು, ಇನ್ನೊಬ್ರು ಕೈ ಯಾವ್ದು ಅಂತ ಗೊತ್ತಾಗಾಕಿಲ್ಲ. ಯಾರ್ ತಂದಿದ್ರೂ ಬೆಂಡು ಬೀಳ್ತಿತ್ತು. ನೀನು ಯಾಕಿಂಗೆ ಕೊರಗ್ತಿ?"

ಅವ್ವ ಮಗುವಿನ ಬಟ್ಟೆ ಮಡಿಸುತ್ತಿದ್ದಳು. "ಗೊತ್ತು ಕಣ್ ಮಗ. ಮೇಷ್ಟ್ರು ಏಳುದ್ರಲ್ಲ. ದೇವ್ರು ಮುನಿಸ್ಕಂಡ ಅಂತ ನಾನೇನೂ ಅನ್ಕಂಡಿಲ್ಲ. ಆದ್ರೆ ತಂದೋಳು ನಾನೇ ಅಲ್ವಾ," ಎಂದಳು.

ಮೂರನೆಯದು ಹೆಣ್ಣು. ತಾತ ತೀರಿಕೊಂಡಿದ್ದರು, ಅಪ್ಪ ಅಂಗಡಿಯಲ್ಲಿ ಕೂರುತ್ತಿದ್ದ. ಬಾಣಂತನ ಮುಗಿದು ನಾನು ಹೊರಡುವ ದಿನ ಪಕ್ಕದ ಮನೆಯಾಕೆ ಎಂದಿನಂತೆ ತಟ್ಟೆ ಹಿಡಿದು ಬಂದಳು. ಅವ್ವ ಬಾಗಿಲ ಹಿಂದಿನಿಂದ ಈಚೆ ಬಂದು ಅವಳ ಮುಂದೆ ಅಡ್ಡ ನಿಂತಳು.

"ಇವ್ಳ್ಗೆ ಯಾರೂ ಆರ್ತಿ ಎತ್ತಬ್ಯಾಡಿ," ಎಂದಳು. "ಇವ್ಳಾದ್ರೂ ದೂರ ಓಗ್ಲಿ."

ಕರ್ಪೂರ ಹಚ್ಚದ ತಟ್ಟೆಯನ್ನು ಆಕೆ ವಾಪಸ್ಸು ತೆಗೆದುಕೊಂಡು ಹೋದಳು. ಅವ್ವ ಬಸ್ಸಿನವರೆಗೂ ಮಗುವನ್ನು ತಾನೇ ಎತ್ತಿಕೊಂಡು ಬಂದಳು. ಅವಳ ಬಲ ಅಂಗೈಯ ಕಲೆ ಮಗುವಿನ ಬೆನ್ನ ಕೆಳಗಿತ್ತು. ಚನ್ನರಾಯಪಟ್ಟಣದಲ್ಲಿ ಇಳಿದು ಬೇರೆ ಬಸ್ಸು ಹತ್ತಿ, ನುಗ್ಗೇಹಳ್ಳಿ ಸೇರುವಾಗ ಸಂಜೆಯಾಗಿತ್ತು. ದಾರಿಯುದ್ದಕ್ಕೂ ಮಗು ನಿದ್ದೆ ಮಾಡಿತು, ನಾನು ಅವ್ವನ ಮಾತನ್ನೇ ನೆನೆಯುತ್ತ ಕೂತಿದ್ದೆ.

ಮನೆಯ ಹೊಸಿಲಲ್ಲಿ ಅತ್ತೆ ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಕಾಯುತ್ತಿದ್ದರು. "ಅಲ್ಲೇ ನಿಂತ್ಕೊಳವ್ವ, ಮಗೀಗೆ ದಿಷ್ಟಿ ತೆಗ್ದು ಒಳ್ಗೆ ಕರ್ಕತೀನಿ," ಎಂದರು. ನಾನು ಮಗುವನ್ನು ಎತ್ತಿಕೊಂಡು ನಿಂತೆ.